ಅಪ್‌ಡೇಟ್: ಒಸಾಕಾ ಎಕ್ಸ್‌ಪೋ ನೋಡ್ಕೊಂಡ್ ಬಂದೆ

ಬರೀ ಕಟ್ಟಡ ನೋಡೋಕೆ ಅಂತ ಎಕ್ಸ್‌ಪೋ 2025ಕ್ಕೆ (ಜಪಾನಿನ ಒಸಾಕಾದಲ್ಲಿ ನಡೆದ ವಿಶ್ವ ಮೇಳ) ಹೋಗ್ಬಹುದಾ ಅಂತ ಹಿಂದೆ ಒಂದ್ ಪೋಸ್ಟ್‌ನಲ್ಲಿ ಕೇಳಿದ್ದೆ, ಹೋಗಿದ್ದು ಸಾರ್ಥಕ ಆಯ್ತು. ಆರ್ಕಿಟೆಕ್ಟ್ ಸೂ ಫುಜಿಮೊಟೊ ಡಿಸೈನ್ ಮಾಡಿದ್ದ ಗ್ರ್ಯಾಂಡ್ ರಿಂಗ್ ಅನ್ನೋ ಬಳೆ ಆಕಾರದ ಕಟ್ಟಡ ಎಷ್ಟು ದೊಡ್ಡದು ಅಂತ ಫೋಟೋದಲ್ಲಿ ಏನೂ ಗೊತ್ತಾಗಲ್ಲ, ಸುತ್ತಳತೆನೇ ಸುಮಾರು 2 ಕಿಲೋಮೀಟರ್ ಇತ್ತು, ಮರದ್ದು, ಕಂಬದಲ್ಲಿ ತೂತು ಕೊರೆದು ಅಡ್ಡ ತೊಲೆ ತೂರ್ಸೋ ಹಳೇ ಜಪಾನಿ ಪದ್ಧತಿ, ಜೊತೆಗೆ ಗಟ್ಟಿಗೆ ಅಂತ ಲೋಹನೂ ಸೇರ್ಸಿದ್ರು. ಕೆಳಗಡೆ ನಿಂತು ಕತ್ತೆತ್ತಿ ನೋಡ್ತಾ ನೋಡ್ತಾ ಟೈಮ್ ಹೋಗಿದ್ದೇ ಗೊತ್ತಾಗ್ಲಿಲ್ಲ, ಮಳೆ ಬಂದ್ರೂ ಅದೇ ಸೂರು. ಬಹ್ರೇನ್ ದೇಶದ ಪೆವಿಲಿಯನ್ (ಪ್ರದರ್ಶನ ಕಟ್ಟಡ) ಮರದ ಹಡಗಿನ ಥರ ಇತ್ತು, ಚಿಕ್ಕದಾದ್ರೂ ನಂಗೆ ಸಖತ್ ಇಷ್ಟ ಆಯ್ತು. ಜಪಾನಿ ಕಲಾವಿದ ಯೋಯಿಚಿ ಒಚಿಯಾಯ್ ಅವರ ಕನ್ನಡಿ ಪೆವಿಲಿಯನ್ ಹೊರಗಿಂದಷ್ಟೇ ನೋಡಿದ್ದು, ಅದರ ಕನ್ನಡಿ ಮೈಯೇ ಅಲ್ಲಾಡ್ತಿತ್ತು, ಅದ್ರಲ್ಲಿ ನಮ್ ಮುಖ ಸೊಟ್ಟ ಕಾಣ್ತಿತ್ತು! ಒಳಗೆ ಹೋಗೋಕೆ ಬುಕಿಂಗ್ ಸಿಗ್ಲೇ ಇಲ್ಲ. ಎಕ್ಸ್‌ಪೋ 2025ರ ಅಕ್ಟೋಬರ್ 13ಕ್ಕೆ ಮುಗೀತು.