ಪದಚರ್ಚೆ: 'ಡ್ರೈ' ವೈನಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ದೊಡ್ಡಬಳ್ಳಾಪುರದ ಕಡೆ, ನಂದಿ ಬೆಟ್ಟದ ತಪ್ಪಲಿನಲ್ಲಿರುವ ಒಂದು ವೈನರಿಗೆ ಕನ್ನಡದಲ್ಲಿ ಪುಟ್ಟ ಚೀಟಿಯೊಂದನ್ನು ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ತೋಟ ನೋಡಲು ಬಂದವರಿಗೆ ಕೊನೆಯಲ್ಲಿ ನಾಲ್ಕೈದು ಬಗೆಯ ವೈನ್ ರುಚಿ ನೋಡಲು ಕೊಡುತ್ತಾರೆ. ಒಂದೊಂದರ ಬಗ್ಗೆ ಎರಡು ಸಾಲು ಬೇಕು: ಯಾವ ದ್ರಾಕ್ಷಿ, ರುಚಿ ಹೇಗೆ, ಯಾವ ಊಟಕ್ಕೆ ಒಗ್ಗುತ್ತದೆ. ಇಷ್ಟೇ ಕೆಲಸ. ಈಗಾಗಲೇ ಯಾರೋ ಮಾಡಿಕೊಟ್ಟ ಅನುವಾದವೊಂದು ಅವರ ಬಳಿ ಇತ್ತು. ಅದರಲ್ಲಿ 'ಒಣ ಕೆಂಪು ದ್ರಾಕ್ಷಾರಸ', 'ಮಧ್ಯಮ ದೇಹ', 'ದೀರ್ಘ ಮುಕ್ತಾಯ' ಎಂದೆಲ್ಲ ಇದೆ. ಕೋಲಾರ, ತುಮಕೂರು ಕಡೆಯಿಂದ ಭಾನುವಾರ ಮನೆಮಂದಿಯೆಲ್ಲ ಕಾರು ಹತ್ತಿ ನಗುನಗುತ್ತಾ ಬರುವ ಜನರ ಕೈಗೆ ಇಂಥ ಚೀಟಿ ಕೊಡಲು ನನಗೆ ಮನಸ್ಸಿಲ್ಲ.

ನನ್ನ ಮುಖ್ಯ ತೊಡಕು 'ಡ್ರೈ' ಎಂಬ ಮಾತು. ಹಿಂಡಿದ ದ್ರಾಕ್ಷಿಯಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ, ಹುದುಗುವುದು ಎಂದರೆ ಇದೇ. ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಮುಗಿದುಹೋದರೆ ಅದು ಡ್ರೈ ವೈನ್. ನಡುವೆ ನಿಲ್ಲಿಸಿ ಸ್ವಲ್ಪ ಉಳಿಸಿಕೊಂಡರೆ ಸಿಹಿ ವೈನ್. ಅಂದರೆ ಇಲ್ಲಿ ತೇವ ಆರುವ ಮಾತೇ ಇಲ್ಲ. 'ಒಣ' ಎಂದು ಬರೆಯುವುದಕ್ಕೆ ನನ್ನ ದೊಡ್ಡ ಆಕ್ಷೇಪ ಬೇರೆಯೇ ಇದೆ. ವಿಜಯಪುರದವರ ಮುಂದೆ 'ಒಣ ದ್ರಾಕ್ಷಾರಸ' ಎಂದು ಹೇಳಿ ನೋಡಿ. ಅವರಿಗೆ ಒಣದ್ರಾಕ್ಷಿ ಎಂದರೆ ತೋಟದಲ್ಲಿ ಬೆಳೆದು, ಶೆಡ್ಡಿನಲ್ಲಿ ಒಣಗಿಸಿ, ಮಾರುಕಟ್ಟೆಗೆ ಕಳಿಸುವ ಮಾಲು. ಆ ಒಣದ್ರಾಕ್ಷಿಯಿಂದ ತೆಗೆದ ರಸ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ, ಮತ್ತು ಅದು ಕನ್ನಡದ ಪ್ರಕಾರ ಸರಿಯಾದ ಅರ್ಥವೇ. ಒಣಗಿಸಿದ ದ್ರಾಕ್ಷಿಯಿಂದ ಮಾಡುವ ವೈನ್ ನಿಜಕ್ಕೂ ಇದೆ. ಇಟಲಿಯ ಅಮರೋನೆ ಹಾಗೆ ಆಗುವುದು. ಹೀಗಿರುವಾಗ 'ಒಣ' ಎಂಬ ಅನುವಾದ ಬರೀ ಒರಟು ಮಾತ್ರವಲ್ಲ, ತಪ್ಪು ಮಾಹಿತಿ ಕೊಡುತ್ತದೆ.

'ಸಪ್ಪೆ' ಎನ್ನಬಹುದೇ ಎಂದು ಯೋಚಿಸಿದೆ. ಸಕ್ಕರೆ ಹಾಕದ ಕಾಫಿಯನ್ನು 'ಸಪ್ಪೆ ಕಾಫಿ' ಎಂದು ಸಲೀಸಾಗಿ ಕೇಳಿ ಪಡೆಯುವ ಜನ ನಾವು. ಆದರೆ ಸಾರಿಗೆ, ಪಲ್ಯಕ್ಕೆ ಬಂದ ಕೂಡಲೇ ಅದೇ ಮಾತು ದೂರಾಗಿಬಿಡುತ್ತದೆ: 'ಏನೇ ಇದು, ಸಾರು ಸಪ್ಪೆ ಸಪ್ಪೆ.' ಕ್ಯಾಬರ್ನೆ ಸಾವಿನ್ಯೊನ್ ದ್ರಾಕ್ಷಿಯ ಒಳ್ಳೆಯ ಕೆಂಪು ವೈನ್ ಒಂದಕ್ಕೆ ಸಪ್ಪೆ ಎಂದು ಚೀಟಿ ಅಂಟಿಸಿದರೆ ಅದನ್ನು ಮಾಡಿದವರಿಗೆ ನೋವಾಗುತ್ತದೆ. 'ಸಿಹಿಯಿಲ್ಲದ' ಎನ್ನುವುದು ಸರಿಯೇ, ಯಾರಿಗೂ ಗೊಂದಲವಿಲ್ಲ. ಆದರೂ ಇಲ್ಲದ್ದನ್ನು ಹೇಳಿ ಗುಣ ತಿಳಿಸುವುದು ನನಗೆ ಅರೆಮನಸ್ಸಿನ ಕೆಲಸವೆನಿಸುತ್ತದೆ. ಸಿಹಿ ಮೊದಲು ಇತ್ತು, ಹುದುಗಿ ಹೋಯಿತು ಎನ್ನುವ ನಡಿಗೆ ಆ ಪದದಲ್ಲಿ ಬರಬೇಕು. 'ಸಿಹಿ ಇಳಿದ', 'ಸಿಹಿ ಕಳೆದ' ಎಂಬೆರಡನ್ನು ಬರೆದಿಟ್ಟುಕೊಂಡಿದ್ದೇನೆ. ಒಂದೂ ಇನ್ನೂ ನಾಲಿಗೆಗೆ ಕೂತಿಲ್ಲ.

ಇಲ್ಲಿ ಕಳ್ಳು ಇಳಿಸುವವರ ಮಾತು ನೆರವಾಗಬಹುದು ಎಂಬುದು ನನ್ನ ಊಹೆ. ಮಡಕೆಯ ಒಳಗೆ ಸುಣ್ಣ ಬಳಿದು ಕಟ್ಟಿದರೆ ನೀರಾ, ಹುದುಗುವುದಿಲ್ಲ, ಸಿಹಿ ಹಾಗೇ ಉಳಿಯುತ್ತದೆ. ಸುಣ್ಣವಿಲ್ಲದಿದ್ದರೆ ಹೊತ್ತು ಏರಿದ ಹಾಗೆ ಸಿಹಿ ಇಳಿದು ಹುಳಿ ಏರುತ್ತದೆ. ಈಚಲು, ತೆಂಗು, ಬಗನಿ ಮರ ಏರಿದ ತಲೆಮಾರುಗಳು ಈ ಒಂದೊಂದು ಹಂತಕ್ಕೂ ಒಂದೊಂದು ಹೆಸರು ಇಟ್ಟುಕೊಂಡಿರಲೇಬೇಕು. ಕರಾವಳಿಯಲ್ಲಿ ಕಳ್ಳು ಇಳಿಸುವ ಮೂರ್ತೆದಾರರ ಮನೆಯವರು, ಮಲೆನಾಡಿನ ಬಗನಿ ಕಂಡವರು ಇಲ್ಲಿದ್ದರೆ ಕೇಳುತ್ತೇನೆ: ಸಿಹಿ ಹೋದ, ಆದರೆ ಇನ್ನೂ ಕೆಟ್ಟಿಲ್ಲದ ಕಳ್ಳಿಗೆ ನಿಮ್ಮಲ್ಲಿ ಏನೆನ್ನುತ್ತಿದ್ದರು? ತುಳು, ಕೊಂಕಣಿ ಪದವಾದರೂ ಸರಿ, ತಿಳಿಸಿ.

ಇನ್ನು 'ವೈನ್' ಎಂಬ ಮೂಲ ಪದ. ದ್ರಾಕ್ಷಾರಸ ಎಂದೇ ಬರೆಯಬೇಕು ಎಂದು ಒಬ್ಬ ಹಿರಿಯರು ಒತ್ತಾಯಿಸಿದರು. ಆ ಪದದ ಬಗ್ಗೆ ನನಗೆ ಗೌರವವಿದೆ. ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದ ಕಥೆ, ಹೊಸ ದ್ರಾಕ್ಷಾರಸವನ್ನು ಹಳೆಯ ಬುದ್ದಲಿಗಳಲ್ಲಿ ತುಂಬಬಾರದೆಂಬ ಮಾತು, ಎರಡೂ ಕನ್ನಡ ಬೈಬಲಿನಿಂದ ಎಷ್ಟೋ ಮನೆಗಳಿಗೆ ಬಂದಿವೆ. (ಬುದ್ದಲಿ ಎಂಬ ಚಂದದ ಪದ ಬೇರೆಲ್ಲಿ ಉಳಿದಿದೆಯೋ!) ಸರ್ಕಾರದ ಕಡತಗಳಲ್ಲೂ ದ್ರಾಕ್ಷಾರಸವೇ ಇದೆ, 2007ರಲ್ಲಿ ರಾಜ್ಯ ವೈನ್ ನೀತಿ ತಂದ ಮೇಲೆ ಪತ್ರಿಕೆಗಳು 'ದ್ರಾಕ್ಷಾರಸ ಉತ್ಸವ' ಎಂದು ಬರೆದವು. ಆದರೆ ಆಡುಮಾತಿನ ಕಿವಿಗೆ ದ್ರಾಕ್ಷಾರಸ ಎಂದರೆ ಹಣ್ಣಿನಂಗಡಿಯ ಜ್ಯೂಸೂ ಆಗಬಹುದು. ಮೇಲಾಗಿ ನಮ್ಮಲ್ಲಿ ವೈನ್ ಬರೀ ದ್ರಾಕ್ಷಿಯದ್ದಲ್ಲ. ಮಡಿಕೇರಿಯ ಅಂಗಡಿಗಳ ಸಾಲಿನಲ್ಲಿ ನೆಲ್ಲಿಕಾಯಿ, ಶುಂಠಿ, ಪ್ಯಾಷನ್ ಫ್ರೂಟ್, ವೀಳ್ಯದೆಲೆ, ಕೊನೆಗೆ ಗಾಂಧಾರಿ ಮೆಣಸಿನ ವೈನೂ ಸಿಗುತ್ತದೆ. 'ಶುಂಠಿ ದ್ರಾಕ್ಷಾರಸ' ಎಂದು ಬರೆಯುವುದು ಹೇಗೆ? ಕ್ರಿಸ್‌ಮಸ್‌ಗೆಂದು ತಿಂಗಳುಗಟ್ಟಲೆ ಮೊದಲೇ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ ಲವಂಗ ಹಾಕಿ ಬಟ್ಟೆ ಕಟ್ಟಿಡುವ ಮಂಗಳೂರಿನ ಮನೆಗಳಲ್ಲಿ ಕೊಂಕಣಿಯಲ್ಲಿ ಅದು 'ವಾಯ್ನ್'. ವೈನ್ ಎಂಬುದು ನಮ್ಮದೇ ಆಗಿದೆ, ಇರಲಿ. ಕೀಟಲೆ ಮಾಡುವುದು ಊರೂರಿನ 'ವೈನ್ಸ್' ಬೋರ್ಡು ಮಾತ್ರ. ಅಲ್ಲಿ ಬ್ರಾಂದಿ, ವಿಸ್ಕಿ, ರಮ್ಮು ಎಲ್ಲವೂ ಇರುತ್ತದೆ, ವೈನ್ ಎಲ್ಲೋ ಮೂಲೆಯಲ್ಲಿ ಧೂಳು ಹಿಡಿದಿರುತ್ತದೆ. 'ವೈನ್ ಕುಡಿದೆ' ಎಂದರೆ ಅಕ್ಕಪಕ್ಕದವರು ಬೇರೆಯೇ ಊಹಿಸುವುದಕ್ಕೆ ಈ ಬೋರ್ಡೇ ಕಾರಣ.

ಔಷಧಿ ಅಂಗಡಿಯ ಪದಗಳನ್ನೂ ಪರಿಶೀಲಿಸಿದೆ. ದ್ರಾಕ್ಷಾಸವ, ದ್ರಾಕ್ಷಾರಿಷ್ಟ ಎರಡೂ ದ್ರಾಕ್ಷಿಯನ್ನು ಹುದುಗಿಸಿ ಮಾಡುವಂಥವೇ. ಆಯುರ್ವೇದದ ಲಕ್ಷಣ ಸ್ಪಷ್ಟವಾಗಿದೆ: ಕುದಿಸದ ಮದ್ದು ಮತ್ತು ನೀರಿನಿಂದ ಆದದ್ದು ಆಸವ, ಕಷಾಯದಿಂದ ಆದದ್ದು ಅರಿಷ್ಟ. ಆ ಲೆಕ್ಕದಲ್ಲಿ ವೈನ್ ಆಸವಕ್ಕೆ ಹತ್ತಿರ. ಆದರೆ ಊಟವಾದ ಮೇಲೆ ಅಷ್ಟೇ ನೀರು ಬೆರೆಸಿ ಮುಖ ಕಿವುಚಿ ನುಂಗಿದ ನೆನಪು ಆ ಪದಕ್ಕೆ ಅಂಟಿಕೊಂಡಿದೆ. ಗೆಳೆಯರ ಜೊತೆ ಕೂತು ಹರಟುತ್ತಾ ಹೀರುವುದಕ್ಕೆ ಅದು ಆಗಿಬರುವುದಿಲ್ಲ. 'ಕಿಣ್ವ'ದ್ದೂ ಇಂಥದೇ ಕಥೆ: ಹಿಂದೆ ಮದ್ಯಕ್ಕೆ ಹಾಕುವ ಹುದುಗಿಗೆ ಇದ್ದ ಹೆಸರು, ಈಗ ಪಠ್ಯಪುಸ್ತಕದ ಎನ್‌ಜೈಮ್ ಆಗಿದೆ. ಚೀಟಿಯಲ್ಲಿ ನಾನು ಯೀಸ್ಟ್ ಎಂದೇ ಬರೆಯುತ್ತೇನೆ.

ಹಳೆಯದರಲ್ಲಿ ನನಗೆ ತುಂಬ ಇಷ್ಟವಾದದ್ದು ಕೌಟಿಲ್ಯನ ಅರ್ಥಶಾಸ್ತ್ರದ ಒಂದು ಸಾಲು. ದ್ರಾಕ್ಷಿಯ ರಸದಿಂದಾದದ್ದು 'ಮಧು'. ಅದರ ವಿವರಣೆ ಅದು ಹುಟ್ಟಿದ ನಾಡೇ ಎಂದು ಹೇಳಿ, ಕಾಪಿಶಾಯನ, ಹಾರಹೂರಕ ಎಂಬ ಎರಡು ಹೆಸರು ಕೊಡುತ್ತದೆ. ಕಾಪಿಶಾಯನವೆಂದರೆ ಈಗಿನ ಕಾಬೂಲಿನ ಉತ್ತರಕ್ಕಿದ್ದ ಕಾಪಿಶಿಯದ್ದು. ವೈನನ್ನು ಊರಿನ ಹೆಸರಿನಿಂದ ಗುರುತಿಸುವುದು ಫ್ರೆಂಚರಿಂದ ಕಲಿಯಬೇಕಾದ ವಿದ್ಯೆಯೇನಲ್ಲ ಎಂದು ತಿಳಿದು ಖುಷಿಯಾಯಿತು. ಧಾರವಾಡ ಪೇಡ, ಗೋಕಾಕ ಕರದಂಟು ಎನ್ನುವ ನಾವು 'ನಂದಿ ವೈನ್', 'ಹಂಪಿ ವೈನ್' ಎನ್ನಲು ಹಿಂಜರಿಯಬೇಕಿಲ್ಲ. ಇಲ್ಲಿ ಒಂದು ಸಣ್ಣ ತಿದ್ದುಪಡಿ: ಮೊದಲು ಹೇಳಿದ ಆ ಅನುವಾದದ ಕರಡಿನಲ್ಲಿ 'ಕೃಷ್ಣಾ ಕಣಿವೆ', 'ನಂದಿ ಕಣಿವೆ' ಎಂದಿದೆ. ನದಿಯದ್ದಕ್ಕೆ 'ಕೃಷ್ಣಾ ಕೊಳ್ಳ' ಎಂಬ ಬಳಕೆಯ ಮಾತಿದೆ, ನಂದಿಗೆ 'ತಪ್ಪಲು' ಸಾಕು.

ರುಚಿಯ ಮಾತುಗಳಿಗೆ ಬಂದರೆ ಕನ್ನಡ ನಿಜಕ್ಕೂ ಸಿರಿವಂತ. ಒಮ್ಮೆ ಆ ವೈನರಿಯಲ್ಲಿ ಚಿಂತಾಮಣಿ ಕಡೆಯ ಕುಟುಂಬವೊಂದು ಬಂದಿತ್ತು. ವಿವರಿಸುತ್ತಿದ್ದ ಹುಡುಗ 'ಟ್ಯಾನಿನ್ಸ್, ಟ್ಯಾನಿನ್ಸ್' ಎನ್ನುತ್ತಿದ್ದ, ಎಲ್ಲರೂ ಸುಮ್ಮನೆ ತಲೆಯಾಡಿಸುತ್ತಿದ್ದರು. ಜೊತೆಗಿದ್ದ ವಯಸ್ಸಾದ ತಾಯಿ ಕೆಂಪು ವೈನನ್ನು ಒಂದು ಗುಟುಕು ತೆಗೆದುಕೊಂಡು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಸೊಸೆಯ ಕಡೆ ತಿರುಗಿ, 'ಒಗರೈತೆ ಕಣಮ್ಮ, ನೇರಳೆಹಣ್ಣು ತಿಂದಂಗೆ ನಾಲಿಗೆ ಹಿಡ್ಕಂತದೆ' ಎಂದರು. ಸೊಸೆ ತಾನೂ ಹೀರಿ ನೋಡಿ 'ಹೂಂ ಅತ್ತೆ, ಆಮೇಲೆ ಘಮ್ಮಂತದೆ' ಎಂದಳು. ಅಲ್ಲಿಂದ ಮಾತು ಶುರುವಾಯಿತು ನೋಡಿ, ಹುಡುಗನೂ ಇಂಗ್ಲಿಷ್ ಬಿಟ್ಟ. ಟ್ಯಾನಿನ್ ಎಂದರೆ ಒಗರೇ. ಅಡಿಕೆ, ಬಾಳೆಕಾಯಿ, ಅಳಲೆಕಾಯಿಯ ಒಗರು. ತಂಗಡಿ ತೊಗಟೆಯಿಂದ ಚರ್ಮ ಹದ ಮಾಡುವಾಗ ಕೆಲಸ ಮಾಡುವುದೂ ಅದೇ ಬಗೆಯ ಪದಾರ್ಥ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಅದು ಇಳಿಯುತ್ತದೆ. ಕೆಂಪು ವೈನನ್ನು ಸಿಪ್ಪೆಯ ಜೊತೆಗೇ ಹುದುಗಿಸುವುದರಿಂದ ಅದಕ್ಕೆ ಬಣ್ಣವೂ ಒಗರೂ ಬರುತ್ತವೆ. ಬಿಳಿ ವೈನಿಗೆ ಮೊದಲೇ ಹಿಂಡಿ ಸಿಪ್ಪೆ ತೆಗೆಯುತ್ತಾರೆ, ಅಲ್ಲಿ ಹುಳಿಯದ್ದೇ ಮೇಲುಗೈ. ಒಗರಿನಲ್ಲೂ ಎಳೆಯ ಒಗರು, ಕಡು ಒಗರು, ನಯವಾದ ಒಗರು ಎಂದು ಬಿಡಿಸಿ ಹೇಳಬಹುದು.

ಬೆಂಗಳೂರು ನೀಲಿ ದ್ರಾಕ್ಷಿಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. 2013ರಲ್ಲಿ ಭೌಗೋಳಿಕ ಗುರುತು ಪಡೆದ, ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರದ ಚಪ್ಪರಗಳ ಹಳೆಯ ತಳಿ. ಅದರಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ಬೆರಕೆ ಇರುವುದರಿಂದ ಅದರ ಕಂಪಿಗೆ ಇಂಗ್ಲಿಷಿನಲ್ಲಿ 'ಫಾಕ್ಸಿ' ಎನ್ನುತ್ತಾರೆ. ಕರಡಿನಲ್ಲಿ ಅದು 'ನರಿ ವಾಸನೆ' ಆಗಿ ಕೂತಿತ್ತು! ನಮ್ಮ ಕಡೆ ಬೆಳೆದವರಿಗೆ ದ್ರಾಕ್ಷಿ ಎಂದರೆ ಮೊದಲು ಮೂಗಿಗೆ ಬರುವುದೇ ಆ ಕಂಪು. ಬುಟ್ಟಿಯಲ್ಲಿಟ್ಟರೆ ಬಸ್ಸೆಲ್ಲ ಹರಡುವ ಘಮ ಅದು. ನಾನು 'ನಾಟಿ ದ್ರಾಕ್ಷಿಯ ಘಮ' ಎಂದು ಬರೆದಿದ್ದೇನೆ, ಇದನ್ನು ಬದಲಿಸುವುದಿಲ್ಲ.

'ದೀರ್ಘ ಮುಕ್ತಾಯ'ಕ್ಕೆ 'ರುಚಿ ತುಂಬ ಹೊತ್ತು ಬಾಯಲ್ಲಿ ನಿಲ್ಲುತ್ತದೆ' ಎಂದರೆ ಮುಗಿಯಿತು. 'ಆಸ್ವಾದನಾ ಕೊಠಡಿ'ಯನ್ನು 'ರುಚಿ ನೋಡುವ ಜಾಗ' ಮಾಡಿದೆ. ಬಾಯಲ್ಲಿ ವೈನನ್ನು ಆಡಿಸುವುದಕ್ಕೆ 'ಮುಕ್ಕಳಿಸು' ಸರಿಯಾದ ಪದವೇ, ಆದರೆ ಅದರ ಜೊತೆಗೆ ಬಚ್ಚಲು ನೆನಪಾಗುತ್ತದೆ. 'ಬಾಯಲ್ಲಿ ಆಡಿಸಿ' ಎಂದುಕೊಂಡಿದ್ದೇನೆ. 'ದೇಹ'ದ ವಿಷಯ, ಅಂದರೆ ವೈನ್ ಬಾಯಲ್ಲಿ ಎಷ್ಟು ತೂಕವೆನಿಸುತ್ತದೆ ಎಂಬುದು ಮಾತ್ರ ಕಷ್ಟ. ಸಾರಿನಲ್ಲಿ ತಿಳಿ, ಗಟ್ಟಿ ಎಂಬ ಭೇದವಿದೆ, ಹಾಲಿಗೆ ಮಂದ ಎನ್ನುತ್ತೇವೆ. ಆದರೆ ವೈನಿಗೆ ತಿಳಿ ಎಂದರೆ ಗಸಿ ಇಲ್ಲದ್ದು ಎಂದೂ ಆಗುತ್ತದೆ, ಮಂದ ಎಂದರೆ ಚುರುಕಿಲ್ಲದ್ದು. 'ಹಗುರ' ಮತ್ತು 'ಬಾಯಿ ತುಂಬುವ' ಎಂಬ ಜೋಡಿ ಈಗ ನನ್ನ ಆಯ್ಕೆ. ನಡುವಿನದಕ್ಕೆ ಹೊಳೆದಿಲ್ಲ.

ಊಟದ ಜೊತೆ ಹೊಂದಿಸುವುದಕ್ಕೆ ಇಂಗ್ಲಿಷಿನ 'ಪೇರಿಂಗ್' ಬೇಕಾಗಿಯೇ ಇಲ್ಲ. 'ನೆಂಚಿಕೊಳ್ಳು' ಎಂಬ ಕ್ರಿಯಾಪದ ನಮ್ಮಲ್ಲಿದೆ; ಉತ್ತರ ಕರ್ನಾಟಕದಲ್ಲಿ 'ಹಚ್ಚಿಕೊಳ್ಳು'. ಹಳಗನ್ನಡದಲ್ಲಂತೂ ಪಾನದ ಜೊತೆಗಿನ ತಿನಿಸಿಗೆ 'ಚಕ್ಕಣ' ಎಂಬ ಬೇರೆ ಪದವೇ ಇದೆ. ಬಾರುಗಳ 'ಸೈಡ್ಸ್' ಬದಲು ಇದನ್ನು ಚೀಟಿಯಲ್ಲಿ ಮರಳಿ ತರಬೇಕೆಂದು ನನಗೆ ಆಸೆ. ಈಗಿನ ಇಂಗ್ಲಿಷ್ ಚೀಟಿಯಲ್ಲಿ ಚೀಸು, ಬಿಸ್ಕತ್ತು ಅಷ್ಟೇ ಇದೆ. ಬಂದವರು ಚೀಲದಿಂದ ತೆಗೆಯುವುದು ನಿಪ್ಪಟ್ಟು, ಕಾಂಗ್ರೆಸ್ ಕಡಲೆಕಾಯಿ. ಉಪ್ಪು, ಜಿಡ್ಡು ಎರಡೂ ಇರುವುದರಿಂದ ಕೆಂಪು ವೈನಿನ ಒಗರು ಅವುಗಳ ಜೊತೆ ಮೆತ್ತಗಾಗುತ್ತದೆ. ಖಾರದ ಕೋಳಿಸಾರು ಮುದ್ದೆಗೆ ಕಡು ಒಗರಿನ ವೈನ್ ಬೇಡ, ಖಾರ ಇನ್ನೂ ಉರಿಯುತ್ತದೆ. ಒಂಚೂರು ಸಿಹಿ ಉಳಿದಿರುವ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನನ್ನು ತಣ್ಣಗೆ ಮಾಡಿ ಕೊಟ್ಟರೆ ಹಿತ. ಇದನ್ನೆಲ್ಲ ಚೀಟಿಯಲ್ಲಿ ಹಾಕುತ್ತಿದ್ದೇನೆ. ಲೋಟದ ಕಡ್ಡಿ ಹೀಗೇ ಹಿಡಿಯಬೇಕು, ಹೀಗೇ ಮೂಸಬೇಕು ಎಂಬ ಪಾಠ ಹಾಕುವುದಿಲ್ಲ. ತಪ್ಪಾಗಿಬಿಟ್ಟೀತು ಎಂದು ಹೆದರಿ ಕುಡಿದರೆ ಯಾವ ರುಚಿಯೂ ಹತ್ತುವುದಿಲ್ಲ.

ಹಾಗಾಗಿ ಬಲ್ಲವರಲ್ಲಿ ನನ್ನ ಕೋರಿಕೆ: 'ಡ್ರೈ'ಗೆ 'ಸಿಹಿ ಇಳಿದ' ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಹಗುರಕ್ಕೂ ಬಾಯಿ ತುಂಬುವುದಕ್ಕೂ ನಡುವೆ ಏನು ಹೇಳಬಹುದು? 'ಚಕ್ಕಣ' ಈಗಲೂ ಯಾವುದಾದರೂ ಊರಿನ ಆಡುಮಾತಿನಲ್ಲಿ ಉಳಿದಿದೆಯೇ? ಉಳಿದಿದ್ದರೆ ಅಲ್ಲಿ ಯಾವ ತಿನಿಸಿಗೆ ಹಾಗೆನ್ನುತ್ತಾರೆ ಎಂಬುದನ್ನೂ ಬರೆಯಿರಿ. ನಿಘಂಟಿನ ಪದಕ್ಕಿಂತ ನಿಮ್ಮ ಮನೆಯಲ್ಲಿ, ಊರಿನಲ್ಲಿ ಬಾಯಿಗೆ ಬರುವ ಪದವೇ ನನಗೆ ಬೇಕು. ಸಂಕ್ರಾಂತಿ ಕಳೆದು ಕೊಯ್ಲು ಶುರುವಾಗುವ ಹೊತ್ತಿಗೆ ಚೀಟಿ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಬಂದ ಎಲ್ಲ ಸಲಹೆಗಳನ್ನೂ ಅಲ್ಲಿನವರ ಮುಂದಿಟ್ಟು ತೀರ್ಮಾನ ಮಾಡುತ್ತೇನೆ.