ಈ ಸಲದ ಮುದ್ದು ಕೃಷ್ಣ ವೇಷ: ಹೊಸದು ಕೊಳ್ಳುವ ಮುಂಚೆ ಮಾತಾಡೋಣ

ಮನೆ 12: ಎಲ್ಲರಿಗೂ ನಮಸ್ಕಾರ. ಗೋಕುಲಾಷ್ಟಮಿಗೆ, ನಮ್ಮ ಮಕ್ಕಳ ಮುದ್ದು ಕೃಷ್ಣ ವೇಷದ ಸ್ಪರ್ಧೆಗೆ ಇನ್ನು ಮೂರೇ ವಾರ. ಹೋದ ವರ್ಷ ಹಬ್ಬದ ಮಾರನೇ ದಿನ ಪಾರ್ಕ್ ಪಕ್ಕದ ಖಾಲಿ ಸೈಟಿನಲ್ಲಿ ಏನೇನು ಬಿದ್ದಿತ್ತು ಅಂತ ನೆನಪಿದೆ ಅಲ್ವಾ? ಮುರಿದ ಕಿರೀಟ, ಪ್ಲಾಸ್ಟಿಕ್ ಕೊಳಲು, ಸ್ಯಾಟಿನ್ ಪಂಚೆ. ಯಾರೋ ಬೆಂಕಿ ಹಚ್ಚಿದರು. ಆ ಹೊಗೆಗೆ ನಮ್ಮತ್ತೆ ಎರಡು ದಿನ ಕೆಮ್ಮಿದರು. ಒಣಕಸದ ಗಾಡಿಯವರನ್ನು ಕೇಳಿದೆ. ಬಟ್ಟೆ, ಪ್ಲಾಸ್ಟಿಕ್, ಜರಿ ಎಲ್ಲ ಸೇರಿಸಿ ಅಂಟಿಸಿರುತ್ತಾರೆ, ಬಿಡಿಸೋಕೆ ಆಗಲ್ಲ, ಯಾರೂ ಕೊಳ್ಳಲ್ಲ ಅಂದರು.

ಮನೆ 31: ಮೇಡಂ, ನೀವು ಹೇಳುವುದು ಸರಿ. ಆದರೆ ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಅಂಗಡಿಯಲ್ಲಿ ಇಡೀ ಸೆಟ್ ಸಿಗುತ್ತದೆ. ಹೊಲಿಯುತ್ತಾ ಕೂರಲು ಟೈಮ್ ಎಲ್ಲಿದೆ? ಮಗುವಿಗೂ ಆಸೆ ಇರುತ್ತದೆ.

ಮನೆ 12: ಹೊಲಿಯುವುದು ಬೇಡವೇ ಬೇಡ. ನಿಮ್ಮ ಮಗುವಿನ ಅಳತೆಯದು ಎದುರು ಮನೆಯ ಬೀರುವಿನಲ್ಲಿ ಸುಮ್ನೆ ಮಡಚಿ ಕೂತಿರುತ್ತದೆ. ಸಂಘದ ಕೋಣೆಯಲ್ಲಿ ಒಂದು ಟ್ರಂಕ್ ಇಡೋಣ. ಮಕ್ಕಳು ಬೆಳೆದು ಚಿಕ್ಕದಾದ ವೇಷವನ್ನು ಒಗೆದು, ಅಳತೆಯ ಚೀಟಿ ಹಚ್ಚಿ ಹಾಕಿ. ಬೇಕಾದವರು ಒಯ್ಯಲಿ. ಪಾಲಿಯೆಸ್ಟರ್ ಆದರೂ ಪರವಾಗಿಲ್ಲ. ಇರುವುದನ್ನು ಬಿಸಾಡಿ ಹತ್ತಿಯದು ಕೊಂಡರೆ ಕಸ ಇನ್ನೂ ಜಾಸ್ತಿ.

ಮನೆ 4: ಪೀತಾಂಬರ ಮನೆಯಲ್ಲೇ ಆಗುತ್ತದಮ್ಮ. ಹಳೇ ಬಿಳಿ ಹತ್ತಿ ಪಂಚೆಯನ್ನು ಅರಿಶಿನದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಬಣ್ಣ ಹೋಗುತ್ತದೆ. ಸೋಪು ತಾಗಿದರೆ ಕೆಂಪಗಾಗುತ್ತದೆ, ಗಾಬರಿ ಬೇಡ. ನಿಂಬೆರಸದ ನೀರಿಗೆ ಅದ್ದಿದರೆ ಮತ್ತೆ ಹಳದಿ. ಕಿರೀಟಕ್ಕೆ ರದ್ದಿ ಪೇಪರ್ ಎರಡು ದಿನ ನೆನೆಹಾಕಿ, ನೆನೆದ ಮೆಂತ್ಯ ಸೇರಿಸಿ ರುಬ್ಬಿ, ಡಬ್ಬದ ಮೇಲೆ ಮೆತ್ತಿ ಒಣಗಿಸಿ. ನಮ್ಮಮ್ಮ ಹೀಗೇ ಬುಟ್ಟಿ ಮಾಡುತ್ತಿದ್ದರು. ಮೆಂತ್ಯದಿಂದ ಗಟ್ಟಿಯಾಗಿ ಹಿಡಿಯುತ್ತದೆ. ಭಾನುವಾರ ಮಕ್ಕಳನ್ನು ನಮ್ಮನೆಗೆ ಕಳಿಸಿ, ಕಲಿಸುತ್ತೇನೆ.

ಮನೆ 22: ಅಜ್ಜಿ, ನನ್ನ ಮಗಳು ಖಂಡಿತ ಬರುತ್ತಾಳೆ. ಎಲ್ಲರಲ್ಲೂ ಒಂದು ವಿನಂತಿ, ಮುಖಕ್ಕೆ ಗ್ಲಿಟರ್ ಬೇಡ. ಅದು ಹೆಚ್ಚಾಗಿ ಅಲ್ಯೂಮಿನಿಯಂ ಲೇಪಿಸಿದ ಪ್ಲಾಸ್ಟಿಕ್ ಹಾಳೆಯ ಚೂರು. ಮುಖ ತೊಳೆದರೆ ಮೋರಿಗೆ, ಅಲ್ಲಿಂದ ಕೆರೆಗೆ. ವೇದಿಕೆಗೆ ಥರ್ಮಾಕೋಲ್ ಕೂಡ ತರಬೇಡಿ. ಅಲಂಕಾರಕ್ಕೆ ಅದನ್ನು ಬಳಸುವುದು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ.

ಮನೆ 9: ಹೋದ ವರ್ಷ ತೀರ್ಪು ಕೊಟ್ಟವರಲ್ಲಿ ನಾನೂ ಒಬ್ಬ. ತಪ್ಪು ನಮ್ಮದೂ ಇದೆ. ಮೂರೂ ಬಹುಮಾನ ಮಿರಿಮಿರಿ ಮಿಂಚುವ ವೇಷಕ್ಕೇ ಹೋದವು. ಅಜ್ಜನ ಪಂಚೆ ಉಟ್ಟು, ಮಣ್ಣಿನ ಮಡಕೆ ಹಿಡಿದು ಬಂದ ಪುಟ್ಟನಿಗೆ ಏನೂ ಸಿಗಲಿಲ್ಲ. ಅವನ ಮುಖ ಇನ್ನೂ ಕಣ್ಣ ಮುಂದಿದೆ. ನಾವು ಹೊಳಪಿಗೆ ಅಂಕ ಕೊಟ್ಟರೆ ತಂದೆತಾಯಿ ಹೊಳಪನ್ನೇ ಕೊಳ್ಳುತ್ತಾರೆ. ಈ ಸಲ ವೇಷದ 10 ಅಂಕದಲ್ಲಿ 5 ಅಂಕ, ಎರವಲು ತಂದ ಅಥವಾ ಮನೆಯಲ್ಲೇ ಮಾಡಿದ ವೇಷಕ್ಕೆ ಇಡೋಣ. ಒಪ್ಪುತ್ತೀರಾ?

ಮನೆ 31: ಒಪ್ಪಿದೆ ಸರ್. ಅಂಕ ಹೀಗಿದ್ದರೆ ನನಗೂ ಧೈರ್ಯ. ಮಗನಿಗೆ 4 ವರ್ಷ, ಆ ಅಳತೆಯ ಪಂಚೆ ಯಾರಲ್ಲಾದರೂ ಇದೆಯಾ? ಟ್ರಂಕಿಗೆ ಹಾಕಲು ನಮ್ಮಲ್ಲಿ ರಾಧೆಯ ಲಂಗ ಇದೆ, ಅಕ್ಕನ ಮಗಳದು.

ಮನೆ 18: ಪಂಚೆ ಇದೆ, ಬಿದಿರಿನ ಕೊಳಲೂ ಇದೆ. ಸಂಜೆ 6ರ ಮೇಲೆ ಬನ್ನಿ, ಮಗನನ್ನೂ ಕರ್ಕೊಂಡು ಬನ್ನಿ. ಉಡಿಸಿ ನೋಡೋಣ.