ಪದ ಬೇಕು, ತುರ್ತು: ಪ್ರೋಟೀನ್ ಚಿತ್ರದ ‘ಕಾರ್ಟೂನ್’

ಗೆಳೆಯರೇ,

ಶಾಲೆ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಹಿಮೋಗ್ಲೋಬಿನ್ ಬಗ್ಗೆ ಒಂದು ಫ್ಲೆಕ್ಸ್ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು. ಚಿತ್ರ ತೆಗೆದದ್ದು ಪೈಮಾಲ್‌ನಲ್ಲಿ, ಅಂದರೆ ಪ್ರೋಟೀನಿನ ಆಕಾರ ತೋರಿಸುವ ಸಾಫ್ಟ್‌ವೇರಿನಲ್ಲಿ. ಅದರಲ್ಲಿ ‘ರಿಬ್ಬನ್’ ಬೇರೆ, ‘ಕಾರ್ಟೂನ್’ ಬೇರೆ. ರಿಬ್ಬನ್ ಒತ್ತಿದರೆ ಸಣ್ಣ ಎಳೆ ಬರುತ್ತದೆ. ಕಾರ್ಟೂನ್ ಒತ್ತಿದರೆ ಅಗಲ ಪಟ್ಟಿ, ಸುರುಳಿ, ಬಾಣ. ಕೈಮೆರಾಎಕ್ಸ್ ಅನ್ನೋ ಇನ್ನೊಂದು ಸಾಫ್ಟ್‌ವೇರಿನಲ್ಲಾದರೆ ಎರಡೂ ಒಂದೇ, ತಲೆನೋವಿಲ್ಲ.

ಕರಡು ತಿದ್ದಿದವರು ಕಾರ್ಟೂನನ್ನು ‘ವ್ಯಂಗ್ಯಚಿತ್ರ’ ಮಾಡಿಟ್ಟಿದ್ದಾರೆ. ಇದು ಯಾರನ್ನು ಅಣಕಿಸುತ್ತಿದೆ ಅಂತ ಮಕ್ಕಳು ಕೇಳಲ್ವಾ?

---

ಪ್ರೋಟೀನ್ ವಿಜ್ಞಾನಿ ಜೇನ್ ರಿಚರ್ಡ್‌ಸನ್ 1981ರಲ್ಲಿ ಕೈಯಲ್ಲೇ ಬರೆದು ಪ್ರಕಟಿಸಿದ ಚಿತ್ರಗಳಲ್ಲಿ ಈ ಅಗಲ ಪಟ್ಟಿಯೇ ರಿಬ್ಬನ್. ಪೈಮಾಲ್ ಹೆಸರು ಅದಲುಬದಲು ಮಾಡಿದೆ, ಅಷ್ಟೇ. ಮೆನು ಬಿಡಿ, ಚಿತ್ರ ನೋಡಿ: ಕಾರ್ಟೂನಿಗೆ ‘ಪಟ್ಟಿನೋಟ’, ರಿಬ್ಬನ್ನಿಗೆ ‘ಎಳೆನೋಟ’.

ಆದರೆ ‘ಸುರುಳಿ’ ಬೇಡವೇ ಬೇಡ. ಸುರುಳಿ ಅಂದರೆ ಸುತ್ತಿಟ್ಟ ಚಾಪೆ. ಹೀಲಿಕ್ಸ್‌ಗೆ, ಅಂದರೆ ಸುತ್ತಿಕೊಂಡು ಸಾಗುವ ಎಳೆಗೆ, ‘ಹುರಿ’ ಇದೆಯಲ್ಲ! ಹಳೆಗನ್ನಡದ ಪುರಿ, ಪಕಾರ ಹಕಾರವಾಗಿ ಹುರಿ. 1955ರಲ್ಲಿ ಮದ್ರಾಸಿನಲ್ಲಿ ವಿಜ್ಞಾನಿಗಳಾದ ರಾಮಚಂದ್ರನ್ ಮತ್ತು ಕರ್ತಾ ಚರ್ಮ, ಮೂಳೆಯ ಪ್ರೋಟೀನ್ ಆದ ಕೊಲಾಜೆನ್ನಿಗೆ ಕೊಟ್ಟ ರಚನೆ ನೋಡಿ, ಮೂರು ಎಳೆ ಒಂದಕ್ಕೊಂದು ಹೊಸೆದಿವೆ. ಅದು ‘ಮುಪ್ಪುರಿ’ ಅಲ್ಲದೆ ಇನ್ನೇನು? ಹಾಗೇ ಬೀಟಾ ಶೀಟ್‌ಗೆ, ಅಂದರೆ ಎಳೆಗಳು ಅಕ್ಕಪಕ್ಕ ಸೇರಿ ಮಡಿಕೆ ಮಡಿಕೆಯಾದ ಭಾಗಕ್ಕೆ, ‘ನೆರಿಗೆ’. ಅದನ್ನು ‘ಹಾಳೆ’ ಅಂದವರು ಮನೆಯಲ್ಲಿ ಸೀರೆ ಉಡುವುದನ್ನು ಕಂಡಿಲ್ಲ.

---

ಸ್ವಾಮಿ, ಹುರಿ ಹೊಸೆಯಲು ಎರಡು ಎಳೆಯಾದರೂ ಬೇಕು. ಕೊಲಾಜೆನ್ನಿಗೆ ಸರಿ. ಆಲ್ಫಾ ಹೀಲಿಕ್ಸ್, ಅಂದರೆ ಹಿಮೋಗ್ಲೋಬಿನ್ ಚಿತ್ರದಲ್ಲಿರುವ ಸುರುಳಿ, ಒಂಟಿ ಎಳೆ, 3.6 ಅಮೈನೋ ಆಮ್ಲಕ್ಕೊಂದು ಸುತ್ತು. ಬಾಲ್‌ಪೆನ್ನಿನ ಸ್ಪ್ರಿಂಗ್ ಬಿಚ್ಚಿ ನೋಡಿ. ಅದನ್ನು ಯಾರಾದರೂ ಹುರಿ ಅಂತಾರಾ? ಮಕ್ಕಳಿಗೆ ಹುರಿ ಅಂದರೆ ಕಡಲೆ ಹುರಿಯೋದೇ ನೆನಪಾಗೋದು.

ಸುಮ್ನೆ ‘ಕಾರ್ಟೂನ್’ ಅಂತಲೇ ಹಾಕಿ. ಪ್ರೋಟೀನ್ ಎರವಲು, ಹಿಮೋಗ್ಲೋಬಿನ್ ಎರವಲು. ಕಾರ್ಟೂನ್ ಮಾತ್ರ ಮೈಲಿಗೆಯಾ?

---

ಎರವಲು ತಂದ ಪದವನ್ನು ತಿಳಿದು ಬಳಸಬೇಕು. ಕನ್ನಡದಲ್ಲಿ ಕಾರ್ಟೂನ್ ಅಂದರೆ ಪೇಪರಿನ ನಗೆಚಿತ್ರ, ಇಲ್ಲವೇ ಟಿವಿಯ ಬೆಕ್ಕು ಇಲಿ. ‘ವ್ಯಂಗ್ಯಚಿತ್ರ’ ಬಂದದ್ದೇ ನಿಮ್ಮಂಥವರ ‘ಸುಮ್ನೆ’ಯಿಂದ. ಹುರಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಬಿಟ್ಟಿಲ್ಲ.

---

ಇಬ್ಬರಿಗೂ ಥ್ಯಾಂಕ್ಸ್. ‘ಪಟ್ಟಿನೋಟ’ ಹಾಕಿದೆ. ಸ್ಪ್ರಿಂಗಿನ ಮಾತು ಒಪ್ಪಿ ‘ಸುರುಳಿ’ ಉಳಿಸಿಕೊಂಡೆ. ‘ನೆರಿಗೆ’ ಬಹಳ ಇಷ್ಟವಾಯಿತು, ಆದರೆ ಹಿಮೋಗ್ಲೋಬಿನ್ನಿನ ನಾಲ್ಕೂ ಸರಪಳಿಯಲ್ಲಿ ಹುಡುಕಿದರೂ ಒಂದು ನೆರಿಗೆ ಇಲ್ಲ. ಬರೀ ಸುರುಳಿ. ಫೈಲ್ ಅಂಗಡಿಗೆ ಹೋಯಿತು, ಇನ್ನು ತಿದ್ದೋಕಾಗಲ್ಲ.